ಗಾಜಿನೊಳಗಿನ ಗಲೀಫ

ಅವ್ವಾ,

ಇವತ್ತ ಲೈಡನ್ನಿನ ಮ್ಯೂಸಿಯಮ್ಮಿನಾಗ ಒಂದು ಗಲೀಫ ನೋಡಿದೆ. ಯಾವುದೋ ದರ್ಗಾದ ಗೋರಿಮ್ಯಾಲೆ ಹೊಚ್ಚಿದ್ದಂತ. ಹಸಿರು ರೇಷ್ಮಿ, ಮೈತುಂಬ ಜರಿಯೊಳಗ ನೇಯ್ದ ಅರಬ್ಬೀ ಅಕ್ಷರ. ನೀ ಪ್ರತಿ ಉರುಸಿಗೆ ಬುಟ್ಟಿಯೊಳಗಿಟ್ಟು ತಲಿಮ್ಯಾಲೆ ಹೊತ್ತೊಯ್ದು ಏರಸತಿದ್ದೆಲ್ಲ, ಹಂತಾದ್ದ. ಇಲ್ಲಿ ಅದನ್ನ ಗಾಜಿನೊಳಗ ಗ್ವಾಡಿಗೆ ತೂಗಹಾಕ್ಯಾರ.

ನನಗ ಗೊತ್ತಿಲ್ಲದಂಗ ಬೂಟು ಬಿಚ್ಚಿ ನಿಂತಬಿಟ್ಟಿದ್ದೆ. ಕಾವಲಿನವ ಬಂದು, ಕಾಲು ನೋಯಾಕತ್ತಾವೇನು ಅಂತ ಡಚ್ಚಿನಾಗ ಕೇಳಿದ. ಇಲ್ಲ ಅಂದೆ. ನೀ ಆಗಿದ್ರ ಅವನ ಬೂಟೂ ಬಿಚ್ಚಸತಿದ್ದಿ.

ನಿನ್ನ ಮೊಮ್ಮಗಳು ಸನ್ನಿಧಿ ಭಾಳ ಹೊತ್ತು ನೋಡಿ ಕೇಳಿದಳು: "ಮಮ್ಮಿ, ಇದನ್ನ ಇಲ್ಲಿಗೆ ತಂದಮ್ಯಾಲೆ ಅಲ್ಲಿ ಮಲಗಿದವ್ರಿಗೆ ಏನ್ ಹೊಚ್ಚಿದ್ರು?"

"ಹೊಸಾದು ಹೊಚ್ಚಿರತಾರ. ಊರಾನವರು ಯಾರರ ತಂದಿರತಾರ," ಅಂದೆ.

ಅಕಿಗೆ ಅಷ್ಟ ಸಾಕಾತು. ಮನಿಗೆ ಬರೂ ಟ್ರೇನಿನಾಗ ನನ್ನ ತೊಡಿಮ್ಯಾಲೆ ನಿದ್ದಿ ಹೋದಳು. ನನ್ನ ಶಾಲು ಅಕಿಗೆ ಹೊಚ್ಚಿದೆ.

ಅವ್ವಾ, ನಾ ಇಲ್ಲಿಂದ ಬಂದು ಮುಟ್ಟೂದ್ರಾಗ ನಿನ್ನ ಮಣ್ಣು ಮುಗದಿತ್ತು. ಅವತ್ತ ನಿನಗ ಯಾವ ಸೀರಿ ಹೊಚ್ಚಿದ್ರು ಅಂತ ನಾ ಇನ್ನೂ ಯಾರನ್ನೂ ಕೇಳಿಲ್ಲ.