ಪೂಜೆಗಿಟ್ಟ ಚಾರ್ಜರ್

11 ಅಕ್ಟೋಬರ್ 1999, ಸೋಮವಾರ. ಬೆಳಿಗ್ಗೆ 5-05

ಬೆಳಗಿನ ಡ್ಯೂಟಿ. ಇವರು ಆಗಲೇ ಅಂಬಾಸಿಡರ್ ಸ್ಟಾರ್ಟ್ ಮಾಡಿ ಕೂತಿದ್ದಾರೆ. ಹಾರ್ನ್ ಮಾಡುವುದಿಲ್ಲ, ಸುಮ್ಮನೆ ಕಾಯುತ್ತಾರೆ. ಅದೇ ಹಿಂಸೆ. ಬೈದರೆ ನಾನೂ ಬೈಯಬಹುದಿತ್ತು.

ದಾವಣಗೆರೆಯ ಮನೆಯಿಂದ ಹರಿಹರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹದಿನಾಲ್ಕು ಕಿಲೋಮೀಟರ್. ಹೋಗುವಾಗ ಇವರು, ಬರುವಾಗ ಇವರು. ನಡುವೆ ಇವರಿಗೆ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿ. ಹೋದ ವರ್ಷದವರೆಗೆ ನನ್ನ ಮೂರು ಗಾಲಿ ಸ್ಕೂಟರ್ ಇತ್ತು. ಹೈವೇಯಲ್ಲಿ ಲಾರಿಯ ಗಾಳಿಗೇ ಉರುಳಿಬಿದ್ದೆ. ಅಂದಿನಿಂದ ಸ್ಕೂಟರ್ ಶೆಡ್ಡಿನಲ್ಲಿ, ನಾನು ಇವರ ಪಕ್ಕದ ಸೀಟಿನಲ್ಲಿ. "ನಾನಿದ್ದೀನಲ್ಲ" ಅನ್ನುತ್ತಾರೆ. ಇದ್ದಾರೆ, ನಿಜ... ಎಲ್ಲ ಕಡೆಯೂ ಇದ್ದಾರೆ.

ಹೊರಡಬೇಕು.

ಅದೇ ದಿನ, ಸಂಜೆ

ಬ್ಯಾಟರಿ ಅಂಗಡಿ ಮುರುಗೇಶಪ್ಪನವರು ಮನೆ ಮುಂದೆ ಒಂದು ಕಾರು ತಂದು ನಿಲ್ಲಿಸಿದರು. ಕರೆಂಟ್ ಕಾರು. ಡೀಲರ್‌ಶಿಪ್ ತೆಗೆದುಕೊಳ್ಳಬೇಕೆಂದು ತರಿಸಿದ್ದಾರೆ. ಎರಡು ಬಾಗಿಲು, ಹಿಂದಿನ ಸೀಟು ಮಕ್ಕಳಿಗೆ ಮಾತ್ರ. "ಬಂದದ್ದೇ ಗೊತ್ತಾಗಲಿಲ್ಲ. ಜೀವ ಇಲ್ಲದಂಗೈತೆ ಗಾಡಿ" ಎಂದು ಅತ್ತೆ ದೂರ ನಿಂತರು.

ನಾನು ಬಗ್ಗಿ ನೋಡಿದ್ದು ಪೆಡಲ್ ಮಾತ್ರ. ಎರಡೇ. ಬ್ರೇಕು, ಎಕ್ಸಲರೇಟರು. ಗೇರಿಲ್ಲ, ಕ್ಲಚ್ಚಿಲ್ಲ. ನನ್ನ ಪೋಲಿಯೊ ಎಡಗಾಲಿಗೆ ಅಲ್ಲಿ ಕೆಲಸವೇ ಇಲ್ಲ.

ಇಷ್ಟು ಆಸೆ ಒಳಗೆ ಎಲ್ಲಿತ್ತೋ.

13 ಅಕ್ಟೋಬರ್, ಬುಧವಾರ

ಈ ಕಾರು ಕೊಳ್ಳುತ್ತೇನೆಂದು ಎರಡು ದಿನ ಜಗಳ. ದುಡ್ಡಿನ ಮಾತಲ್ಲ. ನನ್ನ ಸಂಬಳವಿದೆ. ಇವರದು ಒಂದೇ ಪ್ರಶ್ನೆ: "ದಾರೀಲಿ ನಿಂತ್ರೆ? ನೀನು ಇಳಿದು ಎಷ್ಟು ದೂರ ನಡೀತೀ?"

ಕೊನೆಗೆ ಷರತ್ತು. ಮುರುಗೇಶಪ್ಪನವರು 21ರವರೆಗೆ ಗಾಡಿ ಬಿಟ್ಟುಹೋಗುತ್ತಾರೆ. ದಿನಾ ಡ್ಯೂಟಿಗೆ ಅದರಲ್ಲೇ ಹೋಗಬೇಕು. ಒಂದು ಸಲವೂ ನಿಲ್ಲದಿದ್ದರೆ ತೆಗೆದುಕೊಳ್ಳುವುದು. ನಿಂತರೆ ಮತ್ತೆ ಆ ಮಾತೇ ಎತ್ತಬಾರದು.

ಆಗಲಿ ಎಂದೆ. ಜೊತೆಗೆ ಗಾಡಿ ನಿಲ್ಲಿಸಲು ಪೋರ್ಚಿನ ಅಳತೆಯನ್ನೂ ತೆಗೆದೆ. "ಕೂಸು ಹುಟ್ಟೋಕ್ ಮುಂಚೆ ಕುಲಾವಿ" ಎಂದು ಇವರು ನಕ್ಕರು. ನಗಲಿ.

14 ಅಕ್ಟೋಬರ್, ಗುರುವಾರ

ಮೊದಲ ದಿನ. ಹೋದೆ. ಬಂದೆ. ಒಬ್ಬಳೇ.

ಹಿಂದೆ ಅಂಬಾಸಿಡರ್ ಬರುತ್ತಿದೆಯೇ ಎಂದು ಮೂರು ಸಲ ಕನ್ನಡಿ ನೋಡಿದೆ. ಬರಲಿಲ್ಲ. ಸಮಾಧಾನವಾಗಬೇಕಿತ್ತಲ್ಲ, ಯಾಕೋ ಆಗಲಿಲ್ಲ. ಸದ್ದಿಲ್ಲದ ಗಾಡಿಯಲ್ಲಿ ನನ್ನ ಉಸಿರೇ ಕೇಳುತ್ತದೆ. ಗಾಡಿ ಬಂದದ್ದು ಎಮ್ಮೆಗಳಿಗೂ ಕೇಳಿಸುವುದಿಲ್ಲ. ಹಾರ್ನ್ ಹೊಡೆದೂ ಹೊಡೆದೂ ಸಾಕಾಯಿತು.

ಹರಿಹರದ ಟ್ಯಾಕ್ಸಿ ಸ್ಟ್ಯಾಂಡಿನವರು ಸುತ್ತ ಸೇರಿದರು. ಬಾನೆಟ್ ತೆಗೆಸಿ ನೋಡಿದರು. ಅವರಲ್ಲೊಬ್ಬ ರಮೇಶ, ಹದಿನೈದು ವರ್ಷದಿಂದ ಡ್ರೈವರ್, ಕೈಕಟ್ಟಿ ಹೇಳಿದ: "ಪೆಟ್ರೋಲ್ ಮುಗದ್ರೆ ಬಾಟ್ಲೀಲಿ ತರಬೋದ್ರೀ ಅಕ್ಕಾರೆ. ಒಂದ್ ಬಾಟ್ಲಿ ಕರೆಂಟ್ ತಂದ್ಕೊಡ್ರಿ ನೋಡಾಣ."

ಎಲ್ಲರೂ ನಕ್ಕರು. ನಾನೂ ನಕ್ಕೆ.

16 ಅಕ್ಟೋಬರ್, ಶನಿವಾರ

ನಿದ್ದೆ ಸರಿಯಿಲ್ಲ. ಗಾಡಿಗೆ ಎಂಟು ತಾಸು ಕರೆಂಟ್ ಬೇಕು. ನಡುವೆ ಲೋಡ್‌ಶೆಡ್ಡಿಂಗ್. ಹೋಗುತ್ತದೆ, ಬರುತ್ತದೆ. ಫ್ಯಾನ್ ನಿಂತಾಗಲೆಲ್ಲ ಎದ್ದು ಕೂರುತ್ತೇನೆ. ಹಸುಗೂಸನ್ನು ಮಲಗಿಸಿದವಳ ಹಾಗೆ ಆಗಿದೆ ನನ್ನ ಪಾಡು.

ಎಕ್ಸ್‌ಚೇಂಜಿನ ಬ್ಯಾಟರಿ ರೂಮು ನೋಡಿಕೊಳ್ಳುವ ಏಕಾಂತಪ್ಪನವರನ್ನು ಕೇಳಿದೆ. ಇಪ್ಪತ್ತು ವರ್ಷದಿಂದ ಆ ಸೆಲ್ಲುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿದವರು. "ಫುಲ್ ಚಾರ್ಜಿಗೆ ಅರ್ವತ್ ಕಿಲೋಮೀಟ್ರ ಅಂತ ಬರದಾರಾ? ಮೊದಲ್ನೇ ಅರ್ಧ ನಂಬು. ಎರಡನೇ ಅರ್ಧ ನಂಬಬ್ಯಾಡ. ಬ್ಯಾಟರಿ ಅರ್ಧ ಇಳಿದ ಮ್ಯಾಲೆ ಸುಳ್ಳು ಹೇಳ್ತೈತೆ."

ಹೋಗಿ ಬಂದರೆ ಇಪ್ಪತ್ತೆಂಟು. ದಿನಾ ತುಂಬಿಸಿದರೆ ಎರಡನೇ ಅರ್ಧದ ಗೊಡವೆಯೇ ಇಲ್ಲ. ದಿನಾ ತುಂಬಿಸಬೇಕು, ಅಷ್ಟೇ.

18 ಅಕ್ಟೋಬರ್, ಸೋಮವಾರ. ಆಯುಧ ಪೂಜೆ. ಸಂಜೆ 7-40

ಏನು ಮಾಡಲಿ.

ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಂದೆ. ಬ್ಯಾಟರಿಯ ಮುಳ್ಳು ಅರ್ಧಕ್ಕೆ ಇಳಿದಿತ್ತು. ಚಾರ್ಜರ್ ಹಚ್ಚೋಣವೆಂದು ಶೆಡ್ಡಿಗೆ ಹೋದರೆ ಅದು ಅಲ್ಲಿಲ್ಲ. ದೇವರ ಮನೆಯಲ್ಲಿದೆ. ಅಂಗಡಿಯ ತಕ್ಕಡಿ, ಸುತ್ತಿಗೆ, ಸ್ಪ್ಯಾನರ್, ಅತ್ತೆಯ ಈಳಿಗೆಮಣೆ, ಅವುಗಳ ಸಾಲಿನಲ್ಲಿ ನನ್ನ ಚಾರ್ಜರ್. ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವು. ವೈರನ್ನು ಸಿಂಬಿಯ ಹಾಗೆ ಸುತ್ತಿ, ಪಿನ್ನಿನ ಮೇಲೂ ಒಂದು ಎಸಳು.

"ನಿನ್ನ ಗಾಡೀದೂ ಇಟ್ಟೀನಿ ನೋಡವ್ವ" ಎಂದರು ಅತ್ತೆ.

ನಿನ್ನ ಗಾಡಿ. ಒಂದು ವಾರ ಅದರ ಹತ್ತಿರ ಸುಳಿಯದವರು.

ಪೂಜೆಗೆ ಇಟ್ಟ ಆಯುಧವನ್ನು ನಾಳೆ ಮಂಗಳಾರತಿ ಆಗುವವರೆಗೆ ಮುಟ್ಟುವ ಹಾಗಿಲ್ಲ. ಈ ಮನೆಯಲ್ಲಿ ಇವತ್ತು ತರಕಾರಿಯನ್ನೂ ಹೆಚ್ಚಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ನನ್ನ ಡ್ಯೂಟಿ. ಹಬ್ಬಕ್ಕೆ ಫೋನುಗಳಿಗೆ ರಜೆ ಇರುತ್ತದೆಯೇ?

ಚಾರ್ಜರ್ ತೂಕದ್ದು. ಅತ್ತೆ ಎತ್ತಿರಲಾರರು. ಎತ್ತಿ ತಂದವರು ಇವರು. ಕೂತು ಪೇಪರ್ ಓದುತ್ತಿದ್ದಾರೆ.

ಅರ್ಧ ಇದೆ. ಅಂದರೆ ಮೂವತ್ತು. ಬೇಕಾದದ್ದು ಇಪ್ಪತ್ತೆಂಟು. ಲೆಕ್ಕಕ್ಕೆ ಸಾಕು. ಅತ್ತೆ ಕೈಯಾರೆ ಇಟ್ಟದ್ದನ್ನು ಎಬ್ಬಿಸಿ ಎನ್ನಲು ಬಾಯಿ ಬರುವುದಿಲ್ಲ. ನಾಳೆ ಬಿಟ್ಟುಬನ್ನಿ ಎಂದು ಇವರನ್ನು ಕೇಳಲೂ ಬರುವುದಿಲ್ಲ.

ಸಾಕಾಗುತ್ತದೆ.

19 ಅಕ್ಟೋಬರ್, ಮಂಗಳವಾರ

ನಿಂತಿತು.

20 ಅಕ್ಟೋಬರ್, ಬುಧವಾರ. ವಾರದ ರಜೆ

ನಿನ್ನೆ ಬರೆಯಲಾಗಲಿಲ್ಲ. ಬರೆದುಬಿಡುತ್ತೇನೆ.

ಹೋಗುವಾಗ ಕತ್ತಲೆ, ಹೆಡ್‌ಲೈಟ್ ಬೇಕಾಯಿತು. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬರುವಾಗ ಮಧ್ಯಾಹ್ನ, ಊರು ಇನ್ನೂ ಐದು ಕಿಲೋಮೀಟರ್ ಇರುವಾಗ ಗಾಡಿ ಮೆಲ್ಲಗಾಯಿತು. ಸೈಕಲ್ಲಿನವನು ದಾಟಿಹೋದ. ಆಮೇಲೆ ನಿಂತೇಬಿಟ್ಟಿತು. ಬದಿಗೆ ತೆಗೆಯುವಷ್ಟು ಮಾತ್ರ ದಯೆ ತೋರಿತು.

ಲಾರಿಗಳು ಹೋದಾಗಲೆಲ್ಲ ಗಾಡಿ ಅಲುಗುತ್ತಿತ್ತು. ಇಳಿಯಲಿಲ್ಲ. ಇಳಿದು ಎಲ್ಲಿಗೆ? ಮುಕ್ಕಾಲು ಗಂಟೆ ಸ್ಟೇರಿಂಗ್ ಹಿಡಿದೇ ಕೂತಿದ್ದೆ. ಹೆದರಿದೆ. ಇವರು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ ಅಳು ಬಂತು.

ಬಾಳೆಕಂದು ಕಟ್ಟಿದ ಟ್ರ್ಯಾಕ್ಟರೊಂದು ನಿಂತಿತು. ಲೋಕಿಕೆರೆಯ ಉಚ್ಚೆಂಗಪ್ಪ ಎಂಬ ರೈತರು. "ಡೀಸೆಲ್ ಮುಗೀತೇನ್ರಿ ತಂಗೀ?"

"ಇಲ್ಲ, ಕರೆಂಟ್ ಮುಗೀತು."

ಅವರು ನಗಲಿಲ್ಲ. ತಲೆ ಕೆರೆದುಕೊಂಡು ಹಗ್ಗ ತಂದರು. "ನಮ್ ಪಂಪ್‌ಸೆಟ್ಟಿಗೂ ದಿನಾ ಅದೇ ಕತಿ ಬಿಡ್ರಿ."

ಹೀಗೆ ವಿಜಯದಶಮಿಯ ದಿನ, ಬಾಳೆಕಂದಿನ ಟ್ರ್ಯಾಕ್ಟರ್ ಹಿಂದೆ ನನ್ನ ಮೆರವಣಿಗೆ. ಮನೆಯ ದಾರಿ ಮಂಡಿಪೇಟೆಯ ಮೇಲೇ. ಗಾಯದ ಮೇಲೆ ಬರೆ. ಇವರು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

ಸಂಜೆ ಬನ್ನಿ ಕೊಟ್ಟರು. "ಬಂಗಾರದಂಗಿರೋಣ" ಎಂದರು. ಕಾಲಿಗೆ ಬಿದ್ದೆ. ಎದ್ದಾಗ ಹೇಳಿದರು: "ಗುರುವಾರ ಗಾಡಿ ಕೊಟ್ಟುಬಿಡೋಣ."

ಹೂಂ ಎಂದೆ. ಚಾರ್ಜರ್ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಗೆಲ್ಲುತ್ತಿದ್ದೆನೇನೋ. ಆದರೆ ಅತ್ತೆ ಜನ್ಮದಲ್ಲಿ ಮತ್ತೆ ನನ್ನ ವಸ್ತುವಿಗೆ ಹೂವಿಡುತ್ತಿರಲಿಲ್ಲ.

ಅದೇ ದಿನ, ಸಂಜೆ 6

ಅತ್ತೆಯೇ ಕಂಡುಹಿಡಿದರು. ಚಾರ್ಜರಿನ ಹೂವು ತೆಗೆಯುತ್ತ ಕೇಳಿದರು: "ಇದು ಗಾಡೀದು ಏನು, ಸ್ಪ್ಯಾನರ್ ಇದ್ದಂಗಾ?"

"ಅಲ್ಲ ಅತ್ತೆ. ಗಾಡಿ ಊಟ ಮಾಡೋದು ಇದರಿಂದಾನೇ."

ಅತ್ತೆ ಹೂವನ್ನು ಕೆಳಗಿಟ್ಟರು. "ಮತ್ತೆ ಯಾಕ ಹೇಳಲಿಲ್ಲ? ಉಪಾಸ ಕೆಡವಿ ದುಡಿಸಿದಂಗಾತಲ್ಲ, ಬಾಯಿಲ್ಲದ್ದನ್ನ." ಆಮೇಲೆ ಮಗನನ್ನು ಕೂಗಿದರು. "ನಾಗಭೂಷಣ, ನಿಲ್ಸಿದ್ದು ಗಾಡಿ ಅಲ್ಲ, ನಾನು. ಎತ್ತಿ ತಂದ್ಕೊಟ್ಟಾವ ನೀನು. ನಿಂಗೂ ಗೊತ್ತಿರಲಿಲ್ಲೇನು?"

ಇವರು ನನ್ನನ್ನು ನೋಡಿ ಹೇಳಿದರು: "ಗೊತ್ತಿತ್ತು. ನೀನು ಕೇಳ್ತೀ ಅನ್ಕಂಡಿದ್ದೆ. ಕೇಳಿದ್ರೆ ಅವ್ವಂಗೆ ಹೇಳಿ ತೆಗೆದುಕೊಡ್ತಿದ್ದೆ. ಇಲ್ಲಾಂದ್ರೆ ನಾನೇ ಬಿಟ್ಟುಬರ್ತಿದ್ದೆ."

"ನಾನು ಕೇಳದಿದ್ರೆ?"

ಇವರು ಬಾಗಿಲ ಕಡೆ ತಿರುಗಿದರು. ಸಿಟ್ಟು ಬಂತು. "ಕೇಳೋದು ಸಾಕಾಗಿದೆ ನನಗೆ. ಅದಕ್ಕೇ ಈ ಗಾಡಿ ಬೇಕಿತ್ತು" ಎಂದೆ. ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ ಅಂದೆ. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

21 ಅಕ್ಟೋಬರ್, ಗುರುವಾರ. ಬೆಳಿಗ್ಗೆ 9-30

ಹತ್ತಕ್ಕೆ ಮುರುಗೇಶಪ್ಪನವರು ಬರುತ್ತಾರೆ.

ಬೆಳಿಗ್ಗೆ ಶೆಡ್ಡಿಗೆ ಹೋದರೆ ಚಾರ್ಜರಿನ ದೀಪ ಉರಿಯುತ್ತಿತ್ತು. ಮುಳ್ಳು ಪೂರ್ತಿ. ಹಚ್ಚಿದ್ದು ನಾನಲ್ಲ. ಅತ್ತೆಗೆ ಪ್ಲಗ್ಗು ಎಂದರೆ ಭಯ.

ಆರ್ಡರ್ ಫಾರಂ ಒಂದು ವಾರದಿಂದ ನನ್ನ ಬ್ಯಾಗಿನಲ್ಲೇ ಇದೆ. ಮುರುಗೇಶಪ್ಪನವರು ಅಭ್ಯಾಸಬಲದಿಂದ ಪೆನ್ಸಿಲಿನಲ್ಲಿ ಇವರ ಹೆಸರು ಬರೆದಿದ್ದರು. ಅಳಿಸಿದೆ. ಪೆನ್ನಿನಲ್ಲಿ ನನ್ನದು ಬರೆದೆ. ಯಾರನ್ನೂ ಕೇಳಲಿಲ್ಲ.

ಹರಿಹರದ ಗುಡಿಗೆ ಹೋಗಿ ಮುರುಗೇಶಪ್ಪನವರು ಬರುವಷ್ಟರಲ್ಲಿ ವಾಪಸ್ಸು ಬರೋಣ ಎಂದು ಅತ್ತೆಯ ಹಟ. ಆಗುವ ಮಾತಲ್ಲ. ಅವರು ಕಾದರೆ ಕಾಯಲಿ, ಬಂದು ಫಾರಂ ಕೊಡುತ್ತೇನೆ. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿ ಇವರು. ಮೊಳಕಾಲು ಗದ್ದಕ್ಕೆ ತಾಗುತ್ತಿದೆ. ನನಗೂ ಇವರಿಗೂ ನಿನ್ನೆಯಿಂದ ಮಾತಿಲ್ಲ. ನೀವ್ಯಾಕೆ ಎಂದದ್ದಕ್ಕೆ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ನಿಂತ್ರೆ ತಳ್ಳಾಕೆ ಒಬ್ರು ಬೇಕಲ್ಲ."

ಕನ್ನಡಕ ತರುವ ನೆಪ ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಣ್ಣು ಒರೆಸಿಕೊಂಡು ಹೋಗಬೇಕು. ಹಾರ್ನ್ ಆಗುತ್ತಿದೆ. ಅತ್ತೆಯದಲ್ಲ, ಅವರಿಗೆ ಅದು ಎಲ್ಲಿದೆ ಎಂದೇ ಗೊತ್ತಿಲ್ಲ. ಇವರು ಹಿಂದಿನಿಂದ ಕೈಚಾಚಿ—