ಮೂರನೇ ಮನೆಗೂ ಕೇಳಿಸಿದ ಪ್ರಶ್ನೆ

ಮಾರ್ಚ್ ೩, ಸಂಜೆ

ಮುಂದಿನ ಸಾಲಿನವರೇ, ಹಿಂದಿನ ಬೆಂಚಿನವರೇ, ಕಂಬಕ್ಕೆ ಒರಗಿ ನಿಂತವರೇ, ಕೇಳಿರಿ! ಕೋಣೆಯಲ್ಲಿರುವುದು ನಾನು ಮತ್ತು ಫ್ಯಾನು, ಅಷ್ಟೆ. ಇರಲಿ. ನಾಟಕದಲ್ಲಿ ಮಹಾರಾಜನಾಗಿ ಮೆರೆದ ಗಂಟಲು ಡೈರಿಯಲ್ಲೂ ತಗ್ಗುವುದಿಲ್ಲ.

ಸರ್ವೆ ಮುಗಿಯಿತು. ಹೆಂಗಸರ ಸಂಜೆ ಕ್ಲಿನಿಕ್ ಬೇಕೋ ಬೇಡವೋ— ಸರ್ಕಾರದ ಸಮಿತಿ ನಮ್ಮ ಸಂಶೋಧನಾ ಕೇಂದ್ರವನ್ನು ಕೇಳಿದೆ. ಬಾಗಿಲು ಬಾಗಿಲಿಗೂ ಹೋದೆ. ಎಲ್ಲರದೂ ಒಂದೇ ಉತ್ತರ: "ನಮಗೇನೂ ತೊಂದರೆ ಇಲ್ಲ." ಅಂದರೆ ಕ್ಲಿನಿಕ್ಕಿಗೆ ಬೀಗ. ನಿರ್ದೇಶಕರು ಖುಷ್. "ವರದಿ ಬೇಗ ಮುಗೀತು ಬಿಡಿ."

ಮಾರ್ಚ್ ೪

ಸರ್ವೆ ಮಾಡಿದ ಬೀದಿಯಲ್ಲೇ ಅಕ್ಕನ ಮನೆ. ಹೋದೆ. ಕೂತ್ಕೋ ಎನ್ನಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತಳು.

"ಲೋ, ನಿನ್ನೆ ಮೂಲೆಮನೆ ಸೊಸೇನ ಏನೋ ಕೇಳಿದ್ದು?"

"ಮುಟ್ಟು ಸರಿಯಾಗಿ ಆಗುತ್ತಾ, ಇನ್ನೊಂದು ಮಗು ಬೇಕಾ ಅಂತ. ಫಾರಂನಲ್ಲಿರೋದೇ ಅದು, ಅಕ್ಕ."

"ನಮ್ಮದು ಅಲ್ಲಿಂದ ಮೂರನೇ ಮನೆ. ಕುಕ್ಕರ್ ಕೂಗ್ತಿತ್ತು. ಅದನ್ನೂ ಮೀರಿಸಿ ಬಂತಲ್ಲೋ ನಿನ್ನ ಪ್ರಶ್ನೆ! ಯುದ್ಧಕ್ಕೆ ಕರೆಯೋ ಹಾಗೆ ಕೇಳಿದ್ರೆ, ಪಕ್ಕದಲ್ಲಿ ಅತ್ತೆ, ಎದುರಿಗೆ ಮಾವ... ಏನಂತ ಬಾಯಿ ಬಿಡ್ತಾಳೆ? ಅವಳಿಗೆ ಮೈಯಲ್ಲಿ ರಕ್ತ ಇಲ್ಲ. ತರಕಾರಿ ನೆಪ ಹೇಳಿ ನನ್ನ ಜೊತೆ ಆ ಕ್ಲಿನಿಕ್ಕಿಗೇ ಬರೋದು. ಮುಚ್ಚಿಸಿಬಿಟ್ರೆ ಎಲ್ಲಿಗೆ ಹೋಗ್ಬೇಕು?"

ಮಹಾರಾಜನ ಕಿರೀಟ ಜಾರಿತು. ಟೀ ಕೇಳುವ ಧೈರ್ಯವೂ ಬರಲಿಲ್ಲ.

ಮಾರ್ಚ್ ೬

ನಿರ್ದೇಶಕರ ಕೋಣೆ.

"ಸರ್, ಈ ಸರ್ವೆ ಕೆಟ್ಟಿದೆ. ಮತ್ತೆ ಮಾಡ್ಬೇಕು."

"ಇನ್ನೇನು ಸಮಿತಿ ಕೂರುತ್ತೆ ಕಣ್ರೀ! ಮತ್ತೆ ಮನೆಮನೆಗೆ ಹೋಗಿ ಯಾರು ಕೇಳ್ತಾರೆ?"

"ಪಿಸುಮಾತು ಕೇಳ್ತಾರೆ."

ಪಿಸುಮಾತು ಎಂದರೆ ನನ್ನ ಸಹೋದ್ಯೋಗಿಗೆ ನಾವಿಟ್ಟ ಹೆಸರು. ಆಕೆಯ ಮಾತು ಕೇಳಿಸಬೇಕಾದರೆ ಫ್ಯಾನು ಆರಿಸಬೇಕು.

"ನೀವೇನು ಮಾಡ್ತೀರಿ?"

"ಅತ್ತೆ-ಮಾವಂದಿರನ್ನ ನಾನು ನೋಡ್ಕೋತೀನಿ, ಸರ್."

ಮಾರ್ಚ್ ೯

ಆಹಾ! ಬೀದಿಯ ತುದಿಯ ಕಟ್ಟೆ ಹತ್ತಿದೆ. ರಾಜ್ಯ ಕಳೆದುಕೊಂಡ ರಾಜನಾಗಿ ಎದೆ ಬಡಿದುಕೊಂಡು ಅತ್ತೆ. ಅತ್ತೆಯರು ಬಂದರು, ಮಾವಂದಿರು ಬಂದರು, ಅಂಗಿಗೆ ಗುಂಡಿ ಹಾಕುತ್ತಾ ಗಂಡಂದಿರು ಬಂದರು. "ಇನ್ನೊಂದ್ಸಲ ಅಳಪ್ಪ!" ಎಂದಳೊಬ್ಬ ಅಜ್ಜಿ. ಮತ್ತೊಮ್ಮೆ ಅತ್ತೆ. ಒಳಗೆ ಸೊಸೆಯಂದಿರ ಹತ್ತಿರ ಪಿಸುಮಾತು ಒಬ್ಬಳೇ. ಮನೆಯಿಂದ ಮನೆಗೆ.

ಸಂಜೆ ಆಕೆ ಏನೋ ಹೇಳಿದಳು. ಬಗ್ಗಿ ಕಿವಿಗೊಟ್ಟೆ.

"ಎಲ್ಲರಿಗೂ ಬೇಕಂತೆ, ಸರ್. ಎಲ್ಲರಿಗೂ."

ಮಾರ್ಚ್ ೧೭

ಗೆದ್ದೆವು!! ಸಮಿತಿಯಲ್ಲೊಬ್ಬರು ಕನ್ನಡಕ ತೆಗೆದು ಕೇಳಿದರು, "ಮೊದಲ ಸರ್ವೆಯಲ್ಲಿ ಯಾರಿಗೂ ಬೇಡವಾಗಿತ್ತಲ್ಲ?"

"ಸ್ವಾಮಿ, ನಾನು ಪ್ರಶ್ನೆ ಹಾಕಿದ್ದು ಒಬ್ಬಳಿಗೆ, ಕಿವಿಗೊಟ್ಟಿದ್ದು ಇಡೀ ಬೀದಿ."

ನಕ್ಕರು. ಆಮೇಲೆ ಹೊಸ ವರದಿ ಎಳೆದುಕೊಂಡು ಓದಿದರು. ಕ್ಲಿನಿಕ್ ಉಳಿಯಿತು. ಮೇಲಾಗಿ ಇನ್ನು ಬೆಳಿಗ್ಗೆಯೂ ತೆರೆಯುತ್ತದೆ, ಗಂಡಸರಿಗೂ, ಮಕ್ಕಳಿಗೂ. ಮನೆಮಂದಿಯೆಲ್ಲ ಹೋಗುವ ಜಾಗಕ್ಕೆ ಸೊಸೆಗೆ ತರಕಾರಿಯ ನೆಪ ಯಾಕೆ?

ಅಕ್ಕ ಈ ಸಲ ಟೀ ಕೊಟ್ಟಳು. ಸಕ್ಕರೆ ಜಾಸ್ತಿ.

"ಕ್ಲಿನಿಕ್ ಬೆಳಿಗ್ಗೇನೂ ಇದೆ, ಎಲ್ಲರಿಗೂ ಇದೆ ಅಂತ ಬೋರ್ಡ್ ಹಾಕಿದ್ರೆ ಯಾರು ಓದ್ತಾರೋ? ಈಗ ತೆಗಿ ನಿನ್ನ ಆ ಹಾಳು ಗಂಟಲು."

ಅಪ್ಪಣೆ! ನಾಳೆ ಬೆಳಿಗ್ಗೆ ಅದೇ ಕಟ್ಟೆ ಹತ್ತುತ್ತೇನೆ. ಹೊಟ್ಟೆಯ ಬುಡದಿಂದ ಉಸಿರೆಳೆದು, ಮೂರನೇ ಮನೆಯ ಕುಕ್ಕರೂ ಬಾಯಿ ಮುಚ್ಚುವಂತೆ ಕೂಗುತ್ತೇನೆ— ಅತ್ತೆಯರೇ, ಮಾವಂದಿರೇ, ಗುಂಡಿ ಹಾಕದ ಗಂಡಂದಿರೇ, ಕೇಳಿ...