ಫಿಲಮೆಂಟ್ ಇಲ್ಲದ ವಾಲ್ವ್

ಜೂನ್ 3, ಸೋಮವಾರ

ಬೆಳಿಗ್ಗೆ ಎರಡು ರೇಡಿಯೋ ಮುಗಿಸಿದೆ. ಒಂದಕ್ಕೆ ಕೆಪಾಸಿಟರ್ ಹೋಗಿತ್ತು, ಇನ್ನೊಂದಕ್ಕೆ ಬರೀ ಧೂಳು. ಮಧ್ಯಾಹ್ನ ಅಪ್ಪ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದರು. ಮನೆಯ ಮುಂದಿನ ಕೋಣೆಯೇ ಅಂಗಡಿ — ಆದರೂ ಅವರಿಗೀಗ ಅದೇ ದೂರ. ಕರವಸ್ತ್ರದಲ್ಲಿ ಸುತ್ತಿದ ಒಂದು ಹಳೇ ಗಾಜಿನ ವಾಲ್ವ್ ಕೊಟ್ಟರು. “ಇದಕ್ಕಿನ್ನೂ ಜೀವ ಇದೆಯಾ ನೋಡು.”

ನಂಬರ್ ಅಳಿಸಿಹೋಗಿದೆ. ಟೆಸ್ಟರ್‌ಗೆ ಹಾಕಿದೆ. ಫಿಲಮೆಂಟ್ ಇಲ್ಲ. ಒಳಗಿನ ಆ ತಂತಿ ಕಾದು ಕೆಂಪಾಗದೆ ವಾಲ್ವ್ ಕೆಲಸ ಮಾಡುವುದಿಲ್ಲ, ಈ ಕಸುಬಿನ ಮೊದಲ ಪಾಠ ಅದು. “ಸತ್ತಿದೆ ಅಪ್ಪ, ಬಿಸಾಡಿ” ಅಂದೆ, ತಲೆ ಎತ್ತದೆ.

ಸರಿ ಬಿಡು ಎಂದು ಹೋದರು. ವಾಲ್ವ್ ಮೇಜಿನ ಮೇಲೇ ಉಳಿಯಿತು.

ಜೂನ್ 6

ಸೋಮವಾರದಿಂದ ಅಪ್ಪ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡಿಲ್ಲವಂತೆ. ಅಮ್ಮ ಇವತ್ತು ಬಾಯಿಬಿಟ್ಟಳು. ಹೋದ ದೃಷ್ಟಿ ಬರಲ್ಲ, ಉಳಿದಿರೋದು ಉಳೀಬೇಕಾದ್ರೆ ಡ್ರಾಪ್ಸ್ ತಪ್ಪಿಸಬೇಡಿ ಎಂದು ಡಾಕ್ಟರ್ ಎಷ್ಟು ಸಲ ಹೇಳಿದ್ದರು... ಅಪ್ಪನ ಹತ್ತಿರ ಹೋಗಿ ಗೋಗರೆದೆ.

“ಸತ್ತದ್ದನ್ನ ಬಿಸಾಡು ಅಂದೋಳು ನೀನೇ ಅಲ್ವಾ?” ನಗುತ್ತಲೇ ಅಂದರು.

ಅದು ಯಾವ ವಾಲ್ವ್ ಎಂದು ಕೇಳಿದರೆ, ಮೆಕ್ಯಾನಿಕ್ ನೀನು, ನೀನೇ ಹೇಳು ಅಂತಾರೆ. ಆಯುಷ್ಯವೆಲ್ಲ ಸಿನೆಮಾ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದವರು. ಹಿಡಿದರೆ ಬಿಡುವ ಪೈಕಿ ಅಲ್ಲ. ನಾನೂ ಅವರ ಮಗಳೇ.

ಜೂನ್ 7, ಸಂಜೆ

ಇವತ್ತು ಸರಿಯಾಗಿ ಕೂತು ನೋಡಿದೆ. ಗಾಜಿನೊಳಗೆ, ಉದ್ದಕ್ಕೆ ಸೀಳಿದ ಕೊಳವೆಯಂಥ ತಗಡು. ಒಳಮೈ ಬೆಳ್ಳಿ ಬಣ್ಣ. ಅದರ ಮುಂದೆ ಒಂದೇ ಒಂದು ಕಡ್ಡಿ. ಪಿನ್ ನಾಲ್ಕು, ಕೆಲಸಕ್ಕಿರುವುದು ಎರಡೇ. ಫಿಲಮೆಂಟ್ ಸುಟ್ಟುಹೋಗಿದ್ದಲ್ಲ, ಹುಟ್ಟಿದಾಗಿನಿಂದ ಇಲ್ಲ! ನನ್ನ ಪುಸ್ತಕಗಳೆಲ್ಲ ರೇಡಿಯೋದವು. ಇಂಥದ್ದು ಯಾವುದರಲ್ಲೂ ಇಲ್ಲ.

ಅಪ್ಪ ಸಿನೆಮಾ ಓಡಿಸುತ್ತಿದ್ದ ಕ್ಯಾಬಿನ್ನಿನದೇ ಇರಬೇಕು. ಚಿಕ್ಕವಳಿದ್ದಾಗ ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಊಟದ ಡಬ್ಬಿ ಒಯ್ಯುತ್ತಿದ್ದೆ. ಬಿಸಿ ಎಣ್ಣೆಯ ವಾಸನೆ, ಮಷೀನಿನ ಗಡಗಡ, ಗೋಡೆಯಲ್ಲಿ ಚೌಕದ ಕಿಂಡಿ. ಸ್ಟೂಲ್ ಹತ್ತಿ ನೋಡುತ್ತಿದ್ದೆ. ಡಬ್ಬಿ ಖಾಲಿಯಾದರೆ ನನ್ನ ಸಿನೆಮಾನೂ ಮುಗಿಯಿತು, ಮನೆಗೆ ನಡಿ. ಅದಕ್ಕೇ ಅಪ್ಪ ಅಗಿದೂ ಅಗಿದೂ ಉಣ್ಣುತ್ತಿದ್ದರು. ಆ ಕಾಲ ಒಂದೇ ಒಂದು ಸಂಜೆಗೆ ವಾಪಸ್ ಸಿಕ್ಕರೆ ಸಾಕು ಅನ್ನಿಸುತ್ತದೆ. ಮಷೀನಿನಲ್ಲಿ ಪುಟ್ಟ ಬಾಗಿಲಿನ ಒಂದು ಪೆಟ್ಟಿಗೆ ಇತ್ತು. ಅದನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ.

ಜೂನ್ 12

ಸಿಕ್ಕಿತು! ಕಂಡುಹಿಡಿದದ್ದು ನಾನಲ್ಲ, ಅಮ್ಮ.

ಏನಾದರಾಗಲಿ ಎಂದು ವಾಲ್ವಿಗೆ ವೋಲ್ಟೇಜ್ ಕೊಟ್ಟು ಆಂಪ್ಲಿಫೈಯರಿಗೆ ಜೋಡಿಸಿದ್ದೆ. ಸ್ಪೀಕರ್ ಗುಂಯ್ ಅಂದಿತು. ಅರ್ತ್ ಸರಿಯಿಲ್ಲ ಎಂದುಕೊಂಡು ಬೆಳಗಿನಿಂದ ವೈರ್ ಬದಲಿಸಿದ್ದೇ ಬದಲಿಸಿದ್ದು. ಅಮ್ಮ ಬಂದಳು. “ಯಾರಪ್ಪನ ಮನೆ ಗಂಟು ಅಂತ ಹಗಲಲ್ಲೂ ಲೈಟ್ ಉರಿಸ್ತಿದೀಯಾ?” ಮೇಜಿನ ದೀಪ ಆರಿಸಿದಳು. ಗುಂಯ್ ನಿಂತಿತು.

ಹಾಕಿದೆ — ಗುಂಯ್. ಆರಿಸಿದೆ — ಮೌನ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಅಮ್ಮ.

ಫೋಟೋಸೆಲ್. ಅದಕ್ಕೆ ಬೇಕಾದದ್ದು ಶಾಖ ಅಲ್ಲ, ಬೆಳಕು. ಕರೆಂಟಿನ ದೀಪದ ಕಣ್ಣಿಗೆ ಕಾಣದ ಮಿನುಗೇ ಆ ಗುಂಯ್. ಫಿಲ್ಮಿನ ಅಂಚಿನಲ್ಲಿ ಸೌಂಡಿನ ಪಟ್ಟಿ ಇರುತ್ತದೆ. ಅದನ್ನು ಹಾದು ಬಂದ ಬೆಳಕು ಇದರ ಮೇಲೆ ಬಿದ್ದರೆ ಪರದೆಯ ಮೇಲಿನವರು ಮಾತಾಡುತ್ತಾರೆ. ಆ ಪೆಟ್ಟಿಗೆಯಲ್ಲಿ ಇದ್ದದ್ದು ಇದೇ. ಬೆಳಕು ನೋಡುವ ವಾಲ್ವನ್ನು ಕತ್ತಲೆಯ ಟೆಸ್ಟರಿಗೆ ತುರುಕಿ ಸತ್ತಿದೆ ಅಂದೆನಲ್ಲ. ಅದೂ ಕಣ್ಣು ಮಂಜಾಗುತ್ತಿರುವ ಅಪ್ಪನ ಎದುರಿಗೆ. ನಾಚಿಕೆಯಾಗುತ್ತಿದೆ.

ಜೂನ್ 13

ಅಪ್ಪನನ್ನು ಕೈಹಿಡಿದು ಕರೆತಂದು ಕೂರಿಸಿದೆ. ದೀಪ ಹಾಕಿದೆ. ಗುಂಯ್.

ಅಪ್ಪ ಕೈ ಚಾಚಿದರು. ತಡಕಾಡಲೂ ಇಲ್ಲ. ದೀಪಕ್ಕೂ ವಾಲ್ವಿಗೂ ನಡುವೆ ಬೆರಳು ಆಡಿಸಿದರು. ಸದ್ದು ಕಡಿದು ಕಡಿದು ಬಂತು. ದಿನಾ ಶೋಗೆ ಮುಂಚೆ ಹೀಗೇ ನೋಡುತ್ತಿದ್ದರಂತೆ. ಸದ್ದು ಬಂದರೇ ಗೇಟ್ ತೆಗೆಯಲು ಬೆಲ್ ಒತ್ತುವುದು.

ತಪ್ಪಾಯಿತು ಅಂದೆ. ಫೋಟೋಸೆಲ್ಲನ್ನ ಟೆಸ್ಟರಿಗೆ ಹಾಕೋ ಮೆಕ್ಯಾನಿಕ್ಕು, ಹೊರಗೆ ಹೇಳಬೇಡ, ಗಿರಾಕಿ ಬರಲ್ಲ ಎಂದು ನಕ್ಕರು. ಆಮೇಲೆ ದೀಪದ ಮೇಲೆ ಬಟ್ಟೆ ಮುಚ್ಚಲು ಹೇಳಿದರು. ಸದ್ದು ಕ್ಷೀಣವಾಯಿತು. ವಾಲ್ಯೂಮ್ ಏರಿಸು ಅಂದರು. ಏರಿಸಿದೆ. ಮತ್ತೆ ಗುಂಯ್.

“ಸೆಲ್ಲು ಹಳೇದಾದ್ರೆ ಇಷ್ಟೇ. ಬೆಳಕು ಕಮ್ಮಿ ತಗೊಳ್ಳುತ್ತೆ. ಅಷ್ಟಕ್ಕೇ ಯಾರೂ ಕಿತ್ತು ಬಿಸಾಡ್ತಿರ್ಲಿಲ್ಲ, ಹಿಂಗೇ ಓಡಿಸ್ತಿದ್ವಿ.”

ಹೇಳಿದವರ ಕೈ ತಮ್ಮ ಕಣ್ಣಿನ ಕಡೆ ಹೋಯಿತು. ತಾವೇ ಆಡಿದ ಮಾತು ಅವರ ಕಿವಿಗೇ ಬಿತ್ತೇನೋ.

“ಕಣ್ಣಿನ ಡಾಕ್ಟ್ರು ನಾಳೆ ಇರ್ತಾರಾ?” ಅಂದರು.

ಜೂನ್ 14, ಬೆಳಿಗ್ಗೆ

ಅಪ್ಪ ನನಗಿಂತ ಮುಂಚೆ ತಯಾರು. ಇಸ್ತ್ರಿ ಮಾಡಿದ ಶರ್ಟ್. ಬಾಗಿಲಲ್ಲಿ ನಿಂತು ಬೀದಿ ನೋಡುತ್ತಾ, ಕಂಡದ್ದನ್ನೆಲ್ಲ ನನಗೆ ಕೂಗಿ ಹೇಳುತ್ತಿದ್ದಾರೆ. ಗೇಟು. ಯಾರದೋ ಸೈಕಲ್ಲು. ಎದುರು ಮನೆಯ ತಂತಿ ಮೇಲೆ ಒಂದು ಸೀರೆ, ಕೆಂಪು... ಅಲ್ಲ, ತಡಿ, ಕೆಂಪಲ್ಲ ಅದು —